ನರಸಮ್ಮನ ಹಿಮ್ಮಡಿ

ಭಾನುವಾರ ಬೆಳಿಗ್ಗೆ ನೆಲ ಒರೆಸುತ್ತಿದ್ದ ಸುಮಾಗೆ ಅಡುಗೆಮನೆ ಬಾಗಿಲಿಂದ ಕಿಟಕಿಯವರೆಗೂ ಕಂದು ಚುಕ್ಕೆಗಳು ಕಂಡವು. ಸಾರು ಚೆಲ್ಲಿರಬೇಕು ಅಂದುಕೊಂಡು ಉಜ್ಜಿದಳು. ಬಟ್ಟೆ ಹಿಂಡುವಾಗ ಬಂದ ವಾಸನೆ ಸಾರಿನದ್ದಲ್ಲ. ಚುಕ್ಕೆಗಳು ಹೋಗಿ ನಿಂತದ್ದು ಕಿಟಕಿ ಪಕ್ಕ ಮಾವ ಕೂರುವ ಕುರ್ಚಿಯ ಮುಂದೆ. ಅತ್ತೆ ನರಸಮ್ಮ ಅಲ್ಲಿ ಮಾವನ ಕೈಗೆ ಕಾಫಿ ಲೋಟ ಕೊಡುತ್ತಾ ನಿಂತಿದ್ದಳು.

"ಅತ್ತೆ, ಕಾಲು ಎತ್ತಿ."

"ಒರೆಸ್ಕೊ, ಆ ಕಡೆ ಹೋಗ್ತೀನಿ."

"ಒರೆಸೋಕಲ್ಲ. ಎತ್ತಿ, ನೋಡೋಣ."

ಬಲಗಾಲಿನ ಹಿಮ್ಮಡಿ ಅಡ್ಡಡ್ಡ ಸೀಳಿತ್ತು. ಹೆಬ್ಬೆರಳು ತೂರುವಷ್ಟು ಅಗಲ. ಅಂಚೆಲ್ಲ ಬಿಳಿಚಿಕೊಂಡು, ಒಳಗೆ ಹರಳೆಣ್ಣೆ, ಕರಗಿಸಿ ಬಿಟ್ಟ ಮೇಣ ಸೇರಿ ಕಪ್ಪಾಗಿ ಮೆತ್ತಿಕೊಂಡಿತ್ತು.

"ಅಯ್ಯೋ, ಇಷ್ಟು ದಿನ ಹೇಳಲೇ ಇಲ್ವಲ್ಲ!"

"ನೋವೇ ಇಲ್ಲ ಕಣೇ. ನೋವಿದ್ರೆ ತಾನೇ ಹೇಳೋದು?"

ಮಾವ ಅಂಜಿನಯ್ಯ ಕುರ್ಚಿಯಿಂದಲೇ ಬಗ್ಗಿ ನೋಡಿದ. "ಹಿಮ್ಮಡಿ ಒಡೆಯೋದು ಹೆಂಗಸರಿಗೆ ಇದ್ದದ್ದೇ. ಈ ಕಾಫಿ ಆರಿ ಹೋಗಿದೆ, ಸ್ವಲ್ಪ ಬಿಸಿ ಮಾಡು" ಅಂತ ಲೋಟವನ್ನು ಹೆಂಡತಿಯ ಕೈಗೆ ವಾಪಸ್ಸು ಕೊಟ್ಟ. ನರಸಮ್ಮ ತಗೊಂಡು ಒಲೆಯ ಕಡೆ ನಡೆದಳು. ಸುಮಾ ಒರೆಸಿದ ನೆಲದ ಮೇಲೆ ಹೊಸ ಚುಕ್ಕೆಗಳು ಬಿದ್ದವು.

ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಅಂಜಿನಯ್ಯ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೇಲೆ ದುಡಿದವನು. ಆರು ವರ್ಷದ ಹಿಂದೆ ಅದೇ ಕಾಯಿಲೆಯಿಂದ ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಕಟ್ಟಿಸಿಕೊಂಡ ಜೈಪುರದ ಕೃತಕ ಕಾಲು ಬಾಗಿಲ ಹಿಂದೆ ನಿಂತಿರುತ್ತಿತ್ತು, ಮದುವೆ ಮುಂಜಿಗೆ ಮಾತ್ರ ಹೊರಬರುತ್ತಿತ್ತು. ಮಿಕ್ಕ ದಿನ ಎರಡು ಊರುಗೋಲು, ಕಿಟಕಿ ಪಕ್ಕದ ಕುರ್ಚಿ. ಮಾರೇನಹಳ್ಳಿಯ ಆ ಮನೆಯಲ್ಲಿ ಮೊದಲ ಕಾಫಿ ಅವನಿಗೆ, ಮೊದಲ ಮುದ್ದೆ ಅವನಿಗೆ, ಬಚ್ಚಲಿಗೆ ಬಿಸಿನೀರು ಮೊದಲು ಅವನಿಗೆ. ಎಲ್ಲವನ್ನೂ ಕೈಗೆ ತಂದು ಕೊಡುತ್ತಿದ್ದವಳು ನರಸಮ್ಮ.

ಮಗ ಕಿಟ್ಟಿ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡುವವನು. ಅವತ್ತೇ ಅಮ್ಮನನ್ನು ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅಲ್ಲಿನ ಸರ್ಜನ್ ಸಲಾಕೆಯಿಂದ ಗಾಯ ಕೆದಕಿ ನೋಡಿ, ಇದು ನಮ್ಮಿಂದ ಆಗೋದಲ್ಲ, ದೊಡ್ಡ ಕಡೆ ತೋರಿಸಿ, ಕಾಲೇ ತೆಗೆಯೋ ಪರಿಸ್ಥಿತಿ ಬಂದರೂ ಬರಬಹುದು ಅಂದರು.

ಮನೆಗೆ ಬಂದವನೇ ಕಿಟ್ಟಿ ಆಸ್ಪತ್ರೆ ಫೈಲನ್ನು ಟೇಬಲ್ ಮೇಲೆ ಕುಕ್ಕಿದ. "ಕಾಲು ತೆಗೆಯೋ ಮಾತೇ ಇಲ್ಲ. ಯಾವ ಡಾಕ್ಟರ್ ಹತ್ರ ಬೇಕಾದ್ರೂ ಹೋಗ್ತೀನಿ. ಅಮ್ಮನ ಕಾಲಿಗೆ ಯಾರೂ ಕತ್ತಿ ಹಾಕೋಕೆ ಬಿಡಲ್ಲ ನಾನು."

ಅಂಜಿನಯ್ಯ ಮಗನ ಮುಖ ನೋಡಿದ. ಪಂಚೆಯ ಅಂಚನ್ನು ಎಳೆದು ಮೊಣಕಾಲಿನ ಮೇಲೆ ಸರಿ ಮಾಡಿಕೊಂಡ.

"ಊಟಕ್ಕೆ ಏನು ಮಾಡಿದೀರಾ?" ಅಂದ.

ಮೂರು ದಿನ ಕಿಟ್ಟಿ ಹೋದ ಮನೆಯಲ್ಲೆಲ್ಲ ವಿಚಾರಿಸಿದ. ಬಸವೇಶ್ವರನಗರದ ಗಿರಾಕಿಯೊಬ್ಬರು, ಇಂಥ ಗಾಯವನ್ನು ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಬೇಕು ಅಂತ ಹೇಳಿ ಡಾಕ್ಟರ್ ಜಯದೇವಿ ಅನ್ನುವವರ ಹತ್ತಿರ ಕಳಿಸಿದರು. "ಪ್ಲಾಸ್ಟಿಕ್ ಸರ್ಜನ್ನಾ? ಮೂಗು ಚೂಪು ಮಾಡೋರಲ್ವಾ ಅವರು?" ಅಂತ ಸುಮಾ ಕೇಳಿದಳು. ಆದರೂ ತಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ರಜೆ ಹಾಕಿ ಜೊತೆಗೆ ಹೋದಳು.

ಜಯದೇವಿ ಮೊದಲು ಕಾಲಿನ ಮೇಲೆ ಒಂದು ಸಣ್ಣ ಯಂತ್ರ ಇಟ್ಟು ರಕ್ತ ಹರಿಯುವ ಸದ್ದು ಕೇಳಿಸಿದರು. ಕುದಿಯುವ ಅನ್ನದ ಹಾಗೆ ಗುಸುಗುಸು ಅಂತಿತ್ತು. "ಕೇಳಿಸ್ತಾ ಅಮ್ಮಾ? ಈ ಸದ್ದು ಇರೋದೇ ನಿಮ್ಮ ಪುಣ್ಯ. ರಕ್ತ ಬರ್ತಾ ಇದ್ರೆ ಏನಾದ್ರೂ ಮಾಡಬಹುದು" ಅಂದರು. ಮೂಳೆಯ ಫೋಟೋ ತೆಗೆಸಿದರು. ಕೀವು ಮೂಳೆಗೆ ತಾಗಿರಲಿಲ್ಲ. ಮಾರನೆಯ ದಿನವೇ ಅಡ್ಮಿಟ್ ಮಾಡಿಕೊಂಡು ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದರು. ಗುಂಡಿಗೆ ಸ್ಪಂಜು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೊಳವೆ ಸಿಕ್ಕಿಸಿ, ಒಳಗಿನ ಕೊಳೆಯನ್ನು ಹಗಲೂ ರಾತ್ರಿ ಹೀರುವ ಯಂತ್ರ ಜೋಡಿಸಿದರು. ಗಾಯ ಕೆಂಪಗೆ ಚೊಕ್ಕಟ ಆದ ಮೇಲೆ, ಮುಂದೇನು ಅಂತ ಮನೆಯವರನ್ನು ಕೂರಿಸಿ ಹೇಳಿದರು.

ಆ ಸಂಜೆ ಹೇರೋಹಳ್ಳಿಯಿಂದ ಕಿಟ್ಟಿಯ ಅಕ್ಕ ಶಶಿಕಲಾ ಬಂದಿದ್ದಳು. ಅಮ್ಮನ ಹತ್ತಿರ ಪಕ್ಕದ ಮನೆ ವರಲಕ್ಷ್ಮಿಯನ್ನು ಬಿಟ್ಟು ಎಲ್ಲರೂ ಊಟಕ್ಕೆ ಮನೆಗೆ ಬಂದರು. ಸೊಪ್ಪಿನ ಸಾರು, ಮುದ್ದೆ. ಕಿಟ್ಟಿ ಚಕ್ಕಳಮಕ್ಕಳ ಹಾಕಿ ಕೂತವನು ಎಡಗೈಯಲ್ಲಿ ತನ್ನ ಪಾದವನ್ನೇ ಎಳೆದು ತಿರುಗಿಸಿದ.

"ನೋಡಕ್ಕಾ, ಹಿಮ್ಮಡಿ ಇಲ್ಲಿ. ನಿಂಬೆಹಣ್ಣು ಕೂರೋಷ್ಟು ಗುಂಡಿ ಆಗಿದೆ ಈಗ."

"ತೊಡೆ ಚರ್ಮ ತೆಗೆದು ಅಂಟಿಸ್ತಾರಂತಲ್ಲ? ನಮ್ಮ ಬೀದಿ ಸೀನನಿಗೆ ಸುಟ್ಟ ಗಾಯಕ್ಕೆ ಹಂಗೇ ಮಾಡಿದ್ರು."

"ಅದು ಈರುಳ್ಳಿ ಸಿಪ್ಪೆಯಷ್ಟು ತೆಳು. ಹಿಮ್ಮಡಿ ಮೈಭಾರ ಹೊರೋ ಜಾಗ, ನಾಲ್ಕು ದಿನ ನಡೆದ್ರೆ ಕಿತ್ತು ಬರುತ್ತೆ ಅಂದ್ರು. ಅದಕ್ಕೇ, ಅಂಗಾಲಲ್ಲಿ ನೆಲಕ್ಕೆ ತಾಗದ ಗುಳಿ ಇದೆಯಲ್ಲ, ಇಲ್ಲಿ, ಇಲ್ಲಿಂದ ಚರ್ಮ, ಕೊಬ್ಬು ಎಲ್ಲ ರಕ್ತನಾಳದ ಸಮೇತ ಎಬ್ಬಿಸ್ತಾರೆ. ಪೂರ್ತಿ ಬಿಡಿಸಲ್ಲ. ನಾಳ ಹಂಗೇ ಇಟ್ಕೊಂಡು ಹಿಂದಕ್ಕೆ ತಿರುಗಿಸಿ ಹಿಮ್ಮಡಿ ಮೇಲೆ ಹೊಲೀತಾರೆ. ಗುಳಿ ಖಾಲಿ ಆಗುತ್ತಲ್ಲ, ಅಲ್ಲಿಗೆ ತೊಡೆ ಚರ್ಮ."

"ಅದು ಕೈಕೊಟ್ರೆ?"

ಸುಮಾ ಸಾರು ಬಡಿಸುತ್ತಾ ಹೇಳಿದಳು. "ಮೀನಖಂಡದ ಹಿಂಭಾಗದಿಂದ ತಗೊಂಡು ಕೆಳಕ್ಕೆ ಮಡಚಬಹುದಂತೆ ಅತ್ತಿಗೆ. ಅದೂ ಆಗಲಿಲ್ಲ ಅಂದ್ರೆ ತೊಡೆಯಿಂದ ಒಂದು ತುಂಡು ಪೂರ್ತಿ ಬಿಡಿಸಿ ತಂದು, ಕೂದಲಿನಂಥ ದಾರದಲ್ಲಿ ನಾಳಕ್ಕೆ ನಾಳ ಹೊಲಿಯೋದು. ಇಡೀ ದಿನದ ಆಪರೇಷನ್ನು. ವಯಸ್ಸಾದ ಶುಗರ್ ಪೇಷೆಂಟಿಗೆ ಅದು ಕೊನೇ ದಾರಿ ಅಂದ್ರು. ಏನೂ ಮಾಡದೆ ಬರೀ ಡ್ರೆಸ್ಸಿಂಗ್ ಮಾಡ್ತಾ ಕೂತ್ರೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಮತ್ತೆ ಕೀವಾದ್ರೆ ಕಾಲೇ ಹೋಗುತ್ತೆ."

"ಇಷ್ಟೊಂದು ದಾರಿ ಇದೆಯಾ!" ಶಶಿಕಲಾ ಬೆರಗಾದಳು. "ಅಪ್ಪನ ಟೈಮಲ್ಲಿ ಇದ್ಯಾವುದೂ ಇರಲಿಲ್ವಾ?"

ಕಿಟ್ಟಿ ಪಾದವನ್ನು ಕೆಳಗೆ ಬಿಟ್ಟ.

"ಅದು ಬೇರೆ ಕೇಸು ಅಕ್ಕ."

"ಏನು ಬೇರೆ?" ಕುರ್ಚಿಯಲ್ಲಿ ತಟ್ಟೆ ಹಿಡಿದು ಕೂತಿದ್ದ ಅಂಜಿನಯ್ಯ ಕೇಳಿದ. "ನನ್ನದು ಹಂದಿ ಕಾಲಾ?"

"ಹಂಗಲ್ಲಪ್ಪ. ಆಮೇಲೆ ಹೇಳ್ತೀನಿ. ಊಟ ಮಾಡು."

"ನನಗೆ ಅಂಗಾಲು ಗುಳಿ ಇರಲಿಲ್ವಾ? ಮೀನಖಂಡ ಇರಲಿಲ್ವಾ? ತೊಡೆ ಇವತ್ತೂ ಇದೆ."

"ಅಪ್ಪಾ..."

ಅಂಜಿನಯ್ಯ ಅರ್ಧ ಮುದ್ದೆ ತಟ್ಟೆಯಲ್ಲಿ ಇರುವಾಗಲೇ ಅದರಲ್ಲಿ ಕೈ ತೊಳೆದ.

ಆಪರೇಷನ್ ಆಯಿತು. ನರ್ಸುಗಳು ಗಂಟೆಗೊಮ್ಮೆ ಬಂದು ಹೊಲಿದ ಚರ್ಮವನ್ನು ಬೆರಳಿಂದ ಒತ್ತಿ, ಬಣ್ಣ ನೋಡಿ, ಬಿಸಿ ನೋಡಿ ಹೋಗುತ್ತಿದ್ದರು. ಅಂಜಿನಯ್ಯ ಜೈಪುರದ ಕಾಲು ಕಟ್ಟಿಕೊಂಡು ನೋಡಲು ಬಂದ. ಮೆಟ್ಟಿಲು ಹತ್ತಿ ಬೆವತಿದ್ದ. ಹಾಸಿಗೆ ಸುತ್ತ ನೆಂಟರು ತುಂಬಿದ್ದರು. ಎಲ್ಲರ ಕಣ್ಣೂ ದಿಂಬಿನ ಮೇಲೆ ಎತ್ತಿಟ್ಟ ಆ ಒಂದು ಕಾಲಿನ ಮೇಲೆ. "ನೋಡಿ ಮಾವ, ಹೆಂಗೆ ಗುಲಾಬಿ ಬಣ್ಣ ಬಂದಿದೆ! ಡಾಕ್ಟ್ರು ತುಂಬ ಖುಷಿಯಾಗಿದಾರೆ" ಅಂದಳು ಸುಮಾ. ಅಂಜಿನಯ್ಯ ಒಂದು ಗಳಿಗೆ ನೋಡಿದ.

"ನನಗೆ ಬ್ಯಾಂಡೇಜ್ ಬಿಚ್ಚಿದಾಗ ನೀವ್ಯಾರೂ ನೋಡಲಿಲ್ಲ. ಮುಖ ತಿರುಗಿಸಿಕೊಂಡಿದ್ರಿ" ಅಂದ.

ಹಾಸಿಗೆಯಲ್ಲಿದ್ದ ನರಸಮ್ಮ ಕೈ ಚಾಚಿದಳು. "ಕೂತ್ಕೊಳ್ರೀ, ಬೆವರ್ತಾ ಇದೀರಾ." ಅವನು ಕೂರಲಿಲ್ಲ. ಬಂದಷ್ಟೇ ಬೇಗ ಹೊರಟ.

ಮನೆಗೆ ಬಂದ ಮೇಲೆ ಆರು ವಾರ ಕಾಲು ಊರಲೇಬಾರದು ಅಂತ ಜಯದೇವಿ ಕಟ್ಟಪ್ಪಣೆ ಮಾಡಿದ್ದರು. ಗಾಳಿ ಬೆಳಕು ಇರಲಿ ಅಂತ ಕಿಟ್ಟಿ ಮಂಚವನ್ನು ಕಿಟಕಿ ಪಕ್ಕಕ್ಕೆ ಹಾಕಿದ. ಅಪ್ಪನ ಕುರ್ಚಿ ಟಿವಿ ಪಕ್ಕದ ಮೂಲೆಗೆ ಹೋಯಿತು. ಅಲ್ಲಿಂದ ಬೀದಿ ಕಾಣಿಸುವುದಿಲ್ಲ. ಟಿವಿಯೂ ಓರೆಯಾಗಿ ಕಾಣಿಸುತ್ತದೆ.

ಮನೆಯ ಕ್ರಮವೇ ತಿರುಗಿಬಿತ್ತು. ಬೆಳಿಗ್ಗೆ ಮೊದಲು ನರಸಮ್ಮನ ಇನ್ಸುಲಿನ್, ಮೊದಲು ಅವಳ ತಿಂಡಿ, ಎರಡು ಬೇಯಿಸಿದ ಮೊಟ್ಟೆ. ಗಾಯ ಮಾಯೋಕೆ ಪ್ರೋಟೀನು ಬೇಕು ಅಂತ ಕಿಟ್ಟಿ ವಾರಕ್ಕೆರಡು ಸಲ ವಿಜಯನಗರದಿಂದ ಕಾಲು ಸೂಪ್ ತರುತ್ತಿದ್ದ. ಬಾಕ್ಸ್ ಬಿಚ್ಚಿದರೆ ಮೆಣಸಿನ ಘಮ ಮನೆ ತುಂಬುತ್ತಿತ್ತು.

"ನನ್ನ ಕಾಲು ಹೋದಾಗ ಯಾರೂ ಸೂಪು ತರಲಿಲ್ಲ" ಅಂತ ಮೂಲೆಯಿಂದ ಮಾತು ಬರುತ್ತಿತ್ತು.

"ತಂದಿದ್ವಿ ಮಾವ. ಮೇಕೆ ಕಾಲು ತೋರಿಸಿ ಅಣಕಿಸ್ತೀರಾ ಅಂತ ನೀವೇ ಎಸೆದ್ರಿ. ಗೋಡೆ ಮೇಲಿನ ಕಲೆ ನಾನೇ ತೊಳೆದಿದ್ದು" ಅಂದಳು ಸುಮಾ.

ಸುಮಾಳಿಗೆ ತನ್ನದೇ ಸಂಕಟ. ಶಶಿಕಲಾ ದಿನ ಬಿಟ್ಟು ದಿನ ಬಂದು ಅಡುಗೆಮನೆ ಹೊಗುತ್ತಿದ್ದಳು. ತನ್ನ ಮನೆಯಿಂದಲೇ ಸಾರಿನ ಪುಡಿ ತರುತ್ತಿದ್ದಳು. "ಅಮ್ಮನಿಗೆ ನನ್ನ ಕೈ ಸಾರೇ ಇಷ್ಟ" ಅನ್ನುತ್ತಿದ್ದಳು. ಡ್ರೆಸ್ಸಿಂಗ್ ಮಾಡಿ, ಬೆಡ್‌ಪ್ಯಾನ್ ತೊಳೆದು ಕೈ ಒರೆಸಿಕೊಂಡು ಬರುವ ಹೊತ್ತಿಗೆ, ಅತ್ತೆ ಬಂದವರ ಮುಂದೆ "ನನ್ನ ಮಗಳಿಂದ ಬದುಕಿದೆ" ಅನ್ನುವುದು ಸುಮಾಳ ಕಿವಿಗೆ ಬೀಳುತ್ತಿತ್ತು.

"ಅತ್ತಿಗೆ, ನಿಮ್ಮ ಪುಡಿ ಡಬ್ಬ ನೀವೇ ತಗೊಂಡು ಹೋಗಿ. ನಮ್ಮನೇಲಿ ಪುಡಿ ಇದೆ."

"ನಾನು ನಮ್ಮಮ್ಮನಿಗೆ ಮಾಡೋಕೂ ನಿನ್ನ ಪರ್ಮಿಷನ್ ಬೇಕೇನಮ್ಮ?"

"ಮಾಡಿ. ಹಂಗೇ ಬೆಡ್‌ಪ್ಯಾನೂ ತೆಗೀರಿ ಒಂದು ದಿನ."

ಶಶಿಕಲಾ ಅಳುತ್ತಾ ಹೇರೋಹಳ್ಳಿಗೆ ಹೋದಳು. ವಾರವಿಡೀ ಬರಲಿಲ್ಲ. ಸುಮಾಳ ರಜೆಯೂ ಮುಗಿದಿತ್ತು. ಇನ್ನೂ ಹಾಕಿದರೆ ಬೇರೆ ಹುಡುಗಿಯನ್ನು ತಗೋತೀನಿ ಅಂತ ಅಂಗಡಿಯವನು ಹೇಳಿದ್ದ. ಹಾಗಾಗಿ ಹಗಲು ಹೊತ್ತು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸುಮಾ ಊಟವನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಮುಚ್ಚಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು ಹೋಗುತ್ತಿದ್ದಳು. "ಮಾವ, ಅತ್ತೆ ಕಾಲು ಕೆಳಗಿಡದ ಹಾಗೆ ನೋಡ್ಕೊಳ್ಳಿ. ನಿಮ್ಮದು ಅದೊಂದೇ ಕೆಲಸ" ಅಂತ ದಿನಾ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ವರಲಕ್ಷ್ಮಿ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಮೂವರೂ ಕಾಲಿನ ಸುತ್ತ ನಿಂತರು. "ಎಂಥ ಮಗ ಕಣ್ರೀ ನಿಮ್ಮ ಕಿಟ್ಟಿ. ಬೇರೆಯೋರಾಗಿದ್ರೆ ಕಡಿಸಿ ಬಿಸಾಕಿ ಸುಮ್ಮನಾಗೋರು" ಅಂದಳು ಒಬ್ಬಳು. ವರಲಕ್ಷ್ಮಿ ಅವಳ ಮೊಣಕೈ ತಿವಿದಳು. ಮೂಲೆಯಲ್ಲಿ ಕೂತಿದ್ದ ಅಂಜಿನಯ್ಯನನ್ನು ಆ ಹೆಂಗಸು ಆಗ ನೋಡಿದಳು. ಸ್ವಲ್ಪ ಹೊತ್ತಿಗೇ ಮೂವರೂ ಹೊರಟು ಹೋದರು.

ನರಸಮ್ಮ ಫ್ಲಾಸ್ಕ್ ಬಿಚ್ಚಿದಳು. "ಕಾಫಿ ಬಗ್ಗಿಸ್ತೀನಿ, ಬನ್ನಿ."

"ಫ್ಲಾಸ್ಕಿನದು ಬೇಡ. ಬೆಳಿಗ್ಗೆ ಮಾಡಿದ್ದು, ಕಷಾಯ ಆಗಿರುತ್ತೆ."

"ಸುಮಾ ಬಂದ್ಮೇಲೆ ಮಾಡಿಕೊಡ್ತಾಳೆ."

"ನಿನಗಾದ್ರೆ ಸೂಪು ಬಿಸಿಬಿಸಿ. ಮೊಟ್ಟೆ ಬಿಸಿಬಿಸಿ. ಮಗಳು ಬರ್ತಾಳೆ, ನೆಂಟರು ಬರ್ತಾರೆ, ಬೀದಿ ಜನ ಬರ್ತಾರೆ. ನನಗೆ ಒಂದು ಲೋಟ ಕಾಫಿ ಕೊಡೋಕೆ ಈ ಮನೇಲಿ ಯಾರಿಗೂ ಕಾಲಿಲ್ಲ."

ನರಸಮ್ಮ ಗಂಡನನ್ನು ನೋಡಿದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಿಟ್ಟಳು. ಹೊದಿಕೆ ಸರಿಸಿದಳು. ಎಡಗಾಲು ನೆಲಕ್ಕಿಟ್ಟಳು, ಆಮೇಲೆ ಬಟ್ಟೆ ಸುತ್ತಿದ ಬಲಗಾಲು. ವಾಕರ್ ಪಕ್ಕದಲ್ಲೇ ಇತ್ತು. ಅದನ್ನು ಹಿಡಿದರೆ ಲೋಟ ಹಿಡಿಯಲಾಗುವುದಿಲ್ಲ ಅಂತ ಬಿಟ್ಟಳೋ ಏನೋ, ಗೋಡೆ ಹಿಡಿದು ನಡೆದಳು.

ಅಂಜಿನಯ್ಯನಿಗೆ ಬೇಡ ಅನ್ನುವಷ್ಟು ಹೊತ್ತು ಇತ್ತು. ಮಂಚದಿಂದ ಅಡುಗೆಮನೆ ಹತ್ತು ಹೆಜ್ಜೆ. ಅಷ್ಟೂ ಹೆಜ್ಜೆ ಅವನು ನೋಡಿದ, ಬಾಯಿ ಬಿಡಲಿಲ್ಲ. ಒಲೆ ಹತ್ತಿದ ಸದ್ದು, ಹಾಲು ಉಕ್ಕಿದ ಸದ್ದು ಬಂತು. ಅವಳು ಲೋಟ ತಂದು ಕೈಗೆ ಕೊಟ್ಟಳು. ಅವನು ಕುಡಿದ. ಕಾಫಿ ಚೆನ್ನಾಗಿತ್ತು. ತಳ ಕಂಡ ಮೇಲೆ ನೆಲ ನೋಡಿದ. ಅಡುಗೆಮನೆಯಿಂದ ಕುರ್ಚಿಯವರೆಗೂ ಕೆಂಪು ಚುಕ್ಕೆ.

"ನರಸಿ, ಕಾಲು" ಅಂದ.

"ಗೊತ್ತು" ಅಂದಳು ನರಸಮ್ಮ. ಮಂಚಕ್ಕೆ ಹೋಗಿ ಮಲಗಿದಳು.

ಅಂಜಿನಯ್ಯನೇ ಕಿಟ್ಟಿಗೆ ಫೋನ್ ಮಾಡಿದ. ಏನಾಯಿತು ಅಂತ ಮಾತ್ರ ಹೇಳಲಿಲ್ಲ.

ಜಯದೇವಿ ಹೊಲಿಗೆ ನೋಡಿ ಮುಖ ಗಂಟಿಕ್ಕಿದರು. ಹಿಂದಿನ ಅಂಚು ಬಾಯಿ ಬಿಟ್ಟಿತ್ತು. ಒಂದು ಬೆರಳಗಲ ಕಪ್ಪಗಾಗಿತ್ತು, ಅಷ್ಟನ್ನು ಕತ್ತರಿಸಿ ಮತ್ತೆ ಹೊಲಿಯಬೇಕಾಯಿತು. "ಮಿಕ್ಕಿದ್ದಕ್ಕೆ ಜೀವ ಇದೆ. ಇನ್ನೊಂದು ಸಲ ಹಿಂಗಾದ್ರೆ ನಾನೇನೂ ಮಾಡೋಕಾಗಲ್ಲಮ್ಮ. ಯಾಕೆ ಎದ್ರಿ?"

"ಬಚ್ಚಲಿಗೆ ಹೋಗಬೇಕಿತ್ತು" ಅಂದಳು ನರಸಮ್ಮ.

ಕಿಟ್ಟಿ ದಾರಿಯುದ್ದಕ್ಕೂ ಬೈದ. ಮನೆಗೆ ಬಂದು ತಟ್ಟೆ ಮುಂದೆ ಕೂತ ಮೇಲೂ ನಿಲ್ಲಿಸಲಿಲ್ಲ. "ಬೆಡ್‌ಪ್ಯಾನ್ ಇದೆ, ವಾಕರ್ ಇದೆ. ಸುಮಾಗೆ ಫೋನ್ ಮಾಡಿದ್ರೆ ಓಡಿ ಬರ್ತಿದ್ಲು. ಒಂದು ಸ್ವಲ್ಪ ತಡ್ಕೊಳ್ಳೋಕೆ ಆಗಲ್ವಾ ನಿನಗೆ? ನಾವು ಇಷ್ಟು ಒದ್ದಾಡಿದ್ದಕ್ಕೆ ಬೆಲೆ ಬೇಡ್ವಾ?"

ನರಸಮ್ಮ ತಲೆ ಬಗ್ಗಿಸಿಕೊಂಡು ಅನ್ನ ಕಲಸುತ್ತಿದ್ದಳು.

"ಅವಳನ್ನ ಬೈಬೇಡ" ಅಂದ ಅಂಜಿನಯ್ಯ.

"ನೀನು ಸುಮ್ನಿರಪ್ಪ."

"ಬಚ್ಚಲಿಗಲ್ಲ ಅವಳು ಎದ್ದಿದ್ದು. ನನಗೆ ಕಾಫಿ ಮಾಡೋಕೆ. ನಾನೇ ಎಬ್ಬಿಸಿದೆ."

ಸುಮಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಕಿಟ್ಟಿ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ.

"ಕಾಫಿಗಾ? ಒಂದು ಲೋಟ ಕಾಫಿಗಾ? ಫ್ಲಾಸ್ಕಲ್ಲಿ ಇರಲಿಲ್ವಾ? ಏನು ಅಂದ್ಕೊಂಡಿದೀಯಾ ನೀನು? ಅಮ್ಮನ ಕಾಲು ಉಳಿಯೋದು ನಿನಗೆ ಇಷ್ಟ ಇಲ್ವಾ?"

"ಇಲ್ಲ ಕಣೋ!" ಅಂಜಿನಯ್ಯ ಕೂಗಿದ. ಕೂಗಿದ್ದು ಕೇಳಿ ತಾನೇ ಒಂದು ಕ್ಷಣ ಬೆಚ್ಚಿದ. ಆಮೇಲೆ ನಿಲ್ಲಿಸಲಾಗಲಿಲ್ಲ. "ಅವಳದಾದ್ರೆ ಊರೆಲ್ಲ ಸುತ್ತಿದೆ. ಅಂಗಾಲಿಂದ ತೆಗೀತಾರೆ, ಮೀನಖಂಡದಿಂದ ತೆಗೀತಾರೆ, ಕೂದಲಲ್ಲಿ ಹೊಲೀತಾರೆ! ನನ್ನದಕ್ಕೆ ಯಾರು ಸುತ್ತಿದ್ರಿ? ಕಣ್ಣು ಬಿಟ್ಟಾಗ ಹೊದಿಕೆ ಕೆಳಗೆ ಒಂದೇ ಕಾಲು. ನನ್ನ ಕಾಲು, ನನ್ನನ್ನ ಒಂದು ಮಾತು ಕೇಳಿದ್ಯಾ ನೀನು? ಯಾಕೋ ಹೂಂ ಅಂದೆ ಅವತ್ತು?"

"ಅವನಲ್ಲ" ಅಂದಳು ನರಸಮ್ಮ.

ಎಲ್ಲರೂ ಮಂಚದ ಕಡೆ ತಿರುಗಿದರು.

"ಹೂಂ ಅಂದದ್ದು ನಾನು. ಕಿಟ್ಟಿ ಅಲ್ಲ. ಅವನು ಅಳ್ತಾ ಹೊರಗೆ ನಿಂತಿದ್ದ. ಸಹಿ ಹಾಕಿದ್ದು ನಾನು."

ನರಸಮ್ಮ ಗಂಡನ ಕಡೆ ತಿರುಗಿದಳು.

"ಸಣ್ಣ ಬೊಬ್ಬೆ ಆದಾಗ ಹೇಳಿದ್ರಾ ನೀವು? ಶೂ ಒಳಗೆ ಬಟ್ಟೆ ಸುತ್ತಿಕೊಂಡು ಎಷ್ಟು ದಿನ ಡ್ಯೂಟಿಗೆ ಹೋದ್ರಿ? ನಾನು ವಾಸನೆ ಅಂದ್ರೆ, ಬೂಟಿಂದು ಅಂದ್ರಿ. ಅವತ್ತು ಆಸ್ಪತ್ರೆ ಸೇರಿಸಿದಾಗ ನನ್ನ ಗುರುತೇ ಇರಲಿಲ್ಲ ನಿಮಗೆ. ನನ್ನನ್ನ ನೋಡಿ ಅಮ್ಮಾ ಅಂತಿದ್ರಿ. ಕಪ್ಪು ಮೀನಖಂಡದವರೆಗೂ ಹತ್ತಿತ್ತು. ಸಂಜೆವರೆಗೂ ಬಿಟ್ರೆ ಮನುಷ್ಯ ಇರಲ್ಲ ಅಂದ್ರು ಡಾಕ್ಟ್ರು. ಕಾಲು ಬೇಕಾ, ಮನುಷ್ಯ ಬೇಕಾ ಅಂದ್ರು. ಬರೀ ಕಾಲು ಇಟ್ಕೊಂಡು ನಾನೇನ್ರೀ ಮಾಡ್ಲಿ?"

"ಆರು ವರ್ಷ ಹೇಳಲಿಲ್ಲ ನೀನು."

"ನೀವು ಕೇಳಲಿಲ್ಲ. ಕಿಟ್ಟಿ ಮೇಲೆ ಮುನಿಸ್ಕೊಂಡಿದ್ರಿ. ಅವನೂ ನನಗೋಸ್ಕರ ಬಾಯಿ ಬಿಡಲಿಲ್ಲ. ನಾನು ಸುಮ್ಮನಿದ್ದೆ. ಅದು ನನ್ನ ತಪ್ಪೇ."

ಕಿಟ್ಟಿ ಮತ್ತೆ ಕೂತ. ತಟ್ಟೆ ಎಳೆದುಕೊಂಡ, ಉಣ್ಣಲಿಲ್ಲ. ಅಂಜಿನಯ್ಯ ಊರುಗೋಲು ಹುಡುಕಿ ಎದ್ದು, ಬಾಗಿಲು ದಾಟಿ ಜಗಲಿಯಲ್ಲಿ ಹೋಗಿ ಕೂತ. ಸುಮಾ ತಟ್ಟೆಯನ್ನು ಅಲ್ಲಿಗೇ ತಗೊಂಡು ಹೋಗಿ ಕೊಟ್ಟಳು. ತಿಂದ.

ಒಂದೆರಡು ದಿನ ಕಳೆಯಿತು. ಶಶಿಕಲಾ ಸುದ್ದಿ ಕೇಳಿ ಓಡಿ ಬಂದಳು. ಅಮ್ಮನ ಮುಖ, ಅಪ್ಪನ ಮುಖ ನೋಡಿದಳು. ಸುಮ್ಮನೆ ಬಚ್ಚಲಿಗೆ ಹೋಗಿ ಬೆಡ್‌ಪ್ಯಾನ್ ತೊಳೆದಳು. ಸುಮಾ ಅದನ್ನು ನೋಡಿ, "ಬಿಡಿ ಅತ್ತಿಗೆ, ನಾನು ಮಾಡ್ತೀನಿ. ನಿಮ್ಮ ಪುಡಿ ಹಾಕಿ ಸಾರು ಮಾಡಿ" ಅಂದಳು.

ಮುಂದಿನ ವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿ ನರಸಮ್ಮ "ಯಾರದು?" ಅಂತ ಕೂಗಿದಳು.

"ನಾನೇ. ಕಾಫಿ ಪುಡಿ ಎಲ್ಲಿಟ್ಟಿದೀಯಾ?"

"ಮೇಲಿನ ಶೆಲ್ಫಲ್ಲಿ, ಸ್ಟೀಲ್ ಡಬ್ಬ. ಬೀಳ್ತೀರಾ, ಬಿಟ್ಟು ಬನ್ನಿ!"

ಬಹಳ ಹೊತ್ತಾದ ಮೇಲೆ ಪ್ಲಾಸ್ಟಿಕ್ ಸ್ಟೂಲೊಂದು ಬಾಗಿಲಿಂದ ಹೊರಗೆ ಜಾರಿ ಬಂತು. ಅದರ ಮೇಲೆ ಎರಡು ಲೋಟ. ಎರಡೂ ಕೈಯಲ್ಲಿ ಊರುಗೋಲು ಇರುವವನಿಗೆ ಲೋಟ ಹಿಡಿಯುವ ದಾರಿ ಇಲ್ಲ. ಅಂಜಿನಯ್ಯ ಸ್ಟೂಲನ್ನು ಊರುಗೋಲಿನ ತುದಿಯಿಂದ ಒಂದು ಮೊಳ ತಳ್ಳುವನು, ತಾನು ಒಂದು ಹೆಜ್ಜೆ ಹಾಕುವನು, ಮತ್ತೆ ತಳ್ಳುವನು. ಮಂಚದ ಹತ್ತಿರ ಬರುವ ಹೊತ್ತಿಗೆ ಅರ್ಧ ಕಾಫಿ ಸ್ಟೂಲಿನ ಮೇಲಿತ್ತು. ನರಸಮ್ಮ ಉಳಿದ ಅರ್ಧ ಕುಡಿದಳು.

"ಹೆಂಗಿದೆ?"

"ಪುಡಿ ಜಾಸ್ತಿ."

ಸಂಜೆ ಬಂದ ಸುಮಾ ಅಂಟಂಟು ಸ್ಟೂಲು, ನೆಲ, ಅರ್ಧ ಖಾಲಿಯಾದ ಡಬ್ಬ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ನನಗೆ ಒಂದು ಲೋಟ ಕಾಫಿ ಮಾಡಿಕೊಟ್ಟಿಲ್ಲ ಮಾವ ನೀವು" ಅಂದಳು. ಮುಂದಿನ ಭಾನುವಾರ ಸ್ಟೂಲಿನ ಮೇಲೆ ಮೂರು ಲೋಟ ಬಂದವು.

ಮುಂದಿನ ಚೆಕಪ್ಪಿಗೆ ಅಂಜಿನಯ್ಯ ತಾನೂ ಬರುತ್ತೇನೆ ಅಂತ ಜೈಪುರದ ಕಾಲು ಕಟ್ಟಿಕೊಂಡ. ಹೆಂಡತಿಯ ಗಾಯ ನೋಡಿ ಆದ ಮೇಲೆ ಜಯದೇವಿಯ ಮುಂದೆ ಪಂಚೆ ಎತ್ತಿ, ಜೈಪುರದ ಕಾಲು ಬಿಚ್ಚಿ ತೋರಿಸಿದ.

"ಮೇಡಂ, ನನ್ನದನ್ನೂ ಹಿಂಗೆ ಉಳಿಸಬಹುದಿತ್ತಾ?"

ಕಿಟ್ಟಿ "ಅಪ್ಪಾ, ಈಗ ಯಾಕೆ" ಅಂದ. ಜಯದೇವಿ ಅವನಿಗೆ ಸುಮ್ಮನಿರಲು ಸನ್ನೆ ಮಾಡಿದರು. ಹಳೆಯ ಗಾಯದ ತುದಿಯನ್ನು ಮುಟ್ಟಿ ನೋಡಿದರು. ಅವತ್ತು ಹೇಗಿತ್ತು ಅಂತ ಕೇಳಿದರು. ನರಸಮ್ಮ ಹೇಳಿದಳು.

"ಅವತ್ತು ನಾನು ನೋಡಿಲ್ಲ, ಅದಕ್ಕೆ ಖಂಡಿತ ಹೇಳೋಕಾಗಲ್ಲ" ಅಂದರು ಜಯದೇವಿ. "ಕೀವು ಅಷ್ಟು ಮೇಲೆ ಹತ್ತಿ, ಮೈಗೆಲ್ಲ ವಿಷ ಏರಿದ್ರೆ ನಾನೂ ಅದನ್ನೇ ಮಾಡ್ತಿದ್ದೆ. ಬೊಬ್ಬೆ ಇದ್ದಾಗಲೇ ಬಂದಿದ್ರೆ? ಉಳೀತಿತ್ತೇನೋ. ಅಮ್ಮನದು ಉಳಿದದ್ದು ನನ್ನ ಕೈಚಳಕ ಅಂದ್ಕೋಬೇಡಿ. ಬೇಗ ಬಂದ್ರು, ರಕ್ತ ಹರೀತಿತ್ತು, ಮೂಳೆ ಚೆನ್ನಾಗಿತ್ತು. ಸರಿ, ಉಳಿದಿರೋ ಆ ಬಲಗಾಲು ಯಾವಾಗ ತೋರಿಸಿದ್ರಿ?"

ಅಂಜಿನಯ್ಯ ಬಲಗಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ.

"ಚಪ್ಪಲಿ ಬಿಚ್ಚಿ. ಇಲ್ಲೇ ಈಗಲೇ ನೋಡ್ತೀನಿ."

ಹೆಬ್ಬೆರಳ ಬುಡದಲ್ಲಿ ದಪ್ಪಗೆ ಆಣಿ ಕಟ್ಟಿತ್ತು. ಜಯದೇವಿ ಅದನ್ನು ಹೆರೆದು ತೆಗೆದು, ಕೆಳಗೆ ಗಾಯ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಇಬ್ಬರಿಗೂ ಮೆತ್ತನೆಯ ಚಪ್ಪಲಿಗೆ ಚೀಟಿ ಬರೆದರು.

ಹೊಲಿದ ಅಂಚು ನಿಧಾನಕ್ಕೆ ಕೂಡಿತು. ಆರು ವಾರ ಅಂದದ್ದು ಹತ್ತು ವಾರ ಆಯಿತು. ಶನಿವಾರ ಸಂಜೆ ಸುಮಾ ಹೊಸ ಚಪ್ಪಲಿ ತೊಡಿಸಿ, ಕಿಟ್ಟಿ ಒಂದು ಕೈ, ಶಶಿಕಲಾ ಒಂದು ಕೈ ಹಿಡಿದು ನರಸಮ್ಮನನ್ನು ನಿಲ್ಲಿಸಿದರು. ಮಂಚದಿಂದ ಟಿವಿವರೆಗೆ ನಡೆದಳು, ವಾಪಸ್ಸು ಬಂದಳು. ಆಮೇಲೆ ಕೈ ಬಿಡಿಸಿಕೊಂಡು ವಾಕರ್ ಹಿಡಿದು ತಾನೇ ನಡೆದಳು. ಶಶಿಕಲಾ ಕಣ್ಣು ಒರೆಸಿಕೊಂಡಳು. ಕಿಟ್ಟಿ ಮೊಬೈಲಲ್ಲಿ ವಿಡಿಯೋ ಮಾಡಿಕೊಂಡ. "ಅಪ್ಪ, ನೋಡು ನೋಡು" ಅಂತ ತಿರುಗಿದರೆ ಕುರ್ಚಿ ಖಾಲಿ.

ಅಂಜಿನಯ್ಯ ಜಗಲಿಯ ಕಲ್ಲಿನ ಮೇಲೆ ಬೀದಿ ನೋಡುತ್ತಾ ಕೂತಿದ್ದ. ಹಿಂದಿನಿಂದ ವಾಕರಿನ ಟಕ್ ಟಕ್ ಬಂತು. ನರಸಮ್ಮ ಪಕ್ಕದಲ್ಲಿ ಬಂದು ಕೂತು ಉಸಿರು ಬಿಟ್ಟಳು.

"ಎದ್ದು ಬಂದ್ಬಿಟ್ರಲ್ಲ."

"ನೀನು ನಡೆಯೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೇ. ಸುಳ್ಳು ಯಾಕೆ ಹೇಳ್ಲಿ?"

"ಉರೀಲಿ ಬಿಡಿ. ಆರು ವರ್ಷ ನೀವು ಕೂತು ಕೂತು ಉಂಡಿದ್ದು ನೋಡಿ ನನಗೂ ಉರೀತಿತ್ತು."

ಅವನು ತಿರುಗಿ ಅವಳ ಮುಖ ನೋಡಿದ. 

"ನಿಜವಾಗ್ಲೂ?"

"ಮತ್ತೆ? ಜ್ವರ ಬಂದ್ರೂ ಎದ್ದು ಕಾಫಿ ಇಡೋಳಿಗೆ ಹೆಂಗಿರುತ್ತೆ? ಒಂದು ದಿನ ನನಗೂ ಯಾರಾದ್ರೂ ತಂದು ಕೊಡಲಿ ಅಂತ ಅನ್ನಿಸ್ತಿತ್ತು."

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾ ಹೋದ. ತಿರುವಿನಲ್ಲಿ ಮರೆಯಾದ.

"ಊರಿದಾಗ ಹೆಂಗನ್ಸುತ್ತೆ?" ಅಂಜಿನಯ್ಯ ಕೇಳಿದ.

"ಏನೂ ಅನ್ಸಲ್ಲ. ನೆಲ ಇದೆಯೋ ಇಲ್ವೋ ಅದೂ ತಿಳಿಯಲ್ಲ. ಬೇರೆ ಯಾರದೋ ಕಾಲು ಇಟ್ಟಂಗಿದೆ."

ಅಂಜಿನಯ್ಯ ಪಂಚೆಯ ಅಂಚು ನೀವಿಕೊಂಡ. ಇಷ್ಟು ವರ್ಷ ಯಾರಿಗೂ ಹೇಳದ ಮಾತು ಬಾಯಿಗೆ ಬಂತು. "ನನ್ನದು ಉಲ್ಟಾ. ಹೋದ ಕಾಲಿನ ಹೆಬ್ಬೆರಳು ಇವತ್ತಿಗೂ ಕೆರೆಯುತ್ತೆ. ಸಂಜೆ ಆದ್ರೆ ಸಾಕು. ಕೆರ್ಕೊಳ್ಳೋಣ ಅಂದ್ರೆ ಬೆರಳೇ ಇಲ್ಲ. ಹೇಳಿದ್ರೆ ಹುಚ್ಚು ಅಂತೀರಾ ಅಂತ ಸುಮ್ಮನಿದ್ದೆ."

"ಈಗಲೂ ಕೆರೀತಾ ಇದೆಯಾ?"

"ಹೂಂ."

ನರಸಮ್ಮ ಅವನ ಮೊಂಡು ಕಾಲಿನ ಕೆಳಗೆ, ಕಲ್ಲಿನ ಅಂಚಿನಾಚೆ ಖಾಲಿ ಜಾಗಕ್ಕೆ ಕೈ ಇಳಿಬಿಟ್ಟಳು. ಗಾಳಿಯಲ್ಲಿ ಬೆರಳಾಡಿಸಿದಳು.

"ಇಲ್ಲೇನ್ರೀ?"

ಅಂಜಿನಯ್ಯ ಕಣ್ಣು ಮುಚ್ಚಿದ.

"ಇನ್ನೂ ಸ್ವಲ್ಪ ಮುಂದೆ" ಅಂದ.